ಕಟ್ಟಿಸಿದವರು ಮತ್ತು ಕಟ್ಟಿದವರು: ಕನ್ನಡ ಪಠ್ಯಗಳಲ್ಲಿ ರೈತನ ಜಲದೃಷ್ಟಿ

೧

ಕರ್ನಾಟಕದ ನೀರಾವರಿಯನ್ನು ಕುರಿತ ಸಂಶೋಧನೆಗೆ ಆಕರಗಳ ಕೊರತೆಯಿಲ್ಲ. ಶಾಸನಗಳು, ಕೈಫಿಯತ್ತುಗಳು, ಕಂದಾಯ ದಾಖಲೆಗಳು, ಇಂಜಿನಿಯರುಗಳ ವರದಿಗಳು, ಜನಪದ ಕಥನಗೀತೆಗಳು, ಆಧುನಿಕ ಕಥೆ ಕಾದಂಬರಿಗಳು ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ನೀರಿನ ವಿಚಾರವನ್ನು ಹೇಳುತ್ತವೆ. ಆದರೆ ಈ ಆಕರಗಳ ಬಹುಪಾಲು ನೀರನ್ನು ಕೊಟ್ಟವರ, ಅಳೆದವರ ಅಥವಾ ಅದಕ್ಕೆ ತೆರಿಗೆ ಹಾಕಿದವರ ಕಡೆಯಿಂದ ರಚಿತವಾದವು. ತನ್ನ ಹೊಲಗದ್ದೆಗೆ ಬಂದ ನೀರನ್ನು ರೈತನು ಹೇಗೆ ಕಂಡನು, ಹೇಗೆ ಹಿಡಿದಿಟ್ಟನು, ನೆರೆಯವನೊಡನೆ ಹೇಗೆ ಹಂಚಿಕೊಂಡನು ಎಂಬ ಪ್ರಶ್ನೆಗೆ ಇವು ನೇರವಾದ ಉತ್ತರವನ್ನು ಕೊಡುವುದಿಲ್ಲ. ಆ ಉತ್ತರವನ್ನು ಈ ಪಠ್ಯಗಳ ಮೌನಗಳಿಂದಲೂ ಪದಬಳಕೆಯಿಂದಲೂ ಹೊರತೆಗೆಯಬೇಕಾಗುತ್ತದೆ.

ಇದಕ್ಕೆ ಒಂದು ಕ್ರಿಯಾಪದವೇ ದಾರಿ ತೋರಿಸುತ್ತದೆ. ಶಾಸನಗಳಲ್ಲಿ ಅರಸನೋ ಸಾಮಂತನೋ ದಂಡನಾಯಕನೋ ಕೆರೆಯನ್ನು ‘ಕಟ್ಟಿಸಿದನು’ ಎಂದಿರುತ್ತದೆ. ಹಳೆಯ ಮೈಸೂರು ಭಾಗದ ರೈತನು ಗದ್ದೆಗೆ ನೀರು ಹಾಯಿಸುವ ಕೆಲಸವನ್ನು ‘ನೀರು ಕಟ್ಟುವುದು’ ಎನ್ನುತ್ತಾನೆ. ಒಂದೇ ಧಾತು, ಆದರೆ ಶಾಸನದಲ್ಲಿ ಅದು ಪ್ರೇರಣಾರ್ಥಕ ರೂಪದಲ್ಲಿದೆ, ರೈತನ ಮಾತಿನಲ್ಲಿ ಇಲ್ಲ. ‘ಇಸು’ ಎಂಬ ಆ ಚಿಕ್ಕ ಪ್ರತ್ಯಯವು ಪುಣ್ಯಕ್ಕೆ ಪಾತ್ರನಾದವನನ್ನು ಮಣ್ಣು ಹೊತ್ತವನಿಂದ ಬೇರ್ಪಡಿಸುತ್ತದೆ. ಇನ್ನೊಂದು ವ್ಯತ್ಯಾಸವೂ ಗಮನಾರ್ಹ. ಕೆರೆಯನ್ನು ಕಟ್ಟಿಸುವುದು ಒಮ್ಮೆ ನಡೆದು ಮುಗಿಯುವ ಕ್ರಿಯೆ. ಅದಕ್ಕೆ ತಿಥಿ, ವಾರ, ನಕ್ಷತ್ರಗಳಿವೆ. ನೀರು ಕಟ್ಟುವುದು ಮುಗಿಯದ ಕ್ರಿಯೆ. ಪ್ರತಿ ಬೆಳೆಗೂ ಪ್ರತಿ ಮಡಿಗೂ ಅದನ್ನು ಹೊಸದಾಗಿ ಮಾಡಬೇಕು. ಸಂಶೋಧನೆಯು ಮೊದಲನೆಯದನ್ನು ದಾಖಲಿಸಿದಷ್ಟು ಶ್ರದ್ಧೆಯಿಂದ ಎರಡನೆಯದನ್ನು ದಾಖಲಿಸಿಲ್ಲ. ಈ ಅಸಮತೋಲನದ ಸ್ವರೂಪವನ್ನು ಕೆಲವು ಆಯ್ದ ಪಠ್ಯಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

೨

ಕೆರೆಯ ಉಲ್ಲೇಖವುಳ್ಳ ಪ್ರಾಚೀನ ಶಾಸನಗಳಲ್ಲಿ ತಾಳಗುಂದದ ಸ್ತಂಭಶಾಸನವು ಪ್ರಸಿದ್ಧವಾದುದು. ಐದನೆಯ ಶತಮಾನಕ್ಕೆ ಸೇರಿದ, ಕುಬ್ಜ ಕವಿ ರಚಿಸಿದ ಈ ಸಂಸ್ಕೃತ ಶಾಸನವು ಕದಂಬ ಕಾಕುಸ್ಥವರ್ಮನು ಅಲ್ಲಿ ಕೆರೆಯನ್ನು ಕಟ್ಟಿಸಿದುದನ್ನು ಹೇಳುತ್ತದೆ. ಆದರೆ ಶಾಸನದ ಬಹುಭಾಗವು ಕದಂಬ ವಂಶದ ಉಗಮಕ್ಕೂ ಅರಸರ ಪ್ರಶಸ್ತಿಗೂ ಮೀಸಲಾಗಿದೆ. ಅಲ್ಲಿ ಕೆರೆಯು ಕೀರ್ತಿಯ ಅಂಗವೇ ಹೊರತು ಕೃಷಿಯ ಅಂಗವಲ್ಲ.

ಸುಮಾರು ಒಂಬತ್ತು ಶತಮಾನಗಳ ಅನಂತರದ ಪೋರುಮಾಮಿಳ್ಳ ಶಾಸನವು ಈ ದೃಷ್ಟಿಯಿಂದ ಭಿನ್ನವಾದುದು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನು ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯಲ್ಲಿ ಕಟ್ಟಿಸಿದ ಅನಂತರಾಜಸಾಗರದ ಈ ಶಾಸನ ೧೩೬೯ನೆಯ ಇಸವಿಯದು. ಒಂದು ಸಾವಿರ ಕೂಲಿಯಾಳುಗಳು ಮತ್ತು ನೂರು ಬಂಡಿಗಳು ಎರಡು ವರ್ಷಗಳ ಕಾಲ ದುಡಿದುದನ್ನು ಅದು ದಾಖಲಿಸುತ್ತದೆ. ಜೊತೆಗೆ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದು, ನೆಲ ಕಡಿಮೆಯಿದ್ದು ನೀರು ಹೆಚ್ಚಿರುವುದು ಇವೇ ಆ ದೋಷಗಳು.

ಈ ಪಟ್ಟಿಯನ್ನು ಪ್ರಾಚೀನ ಜಲಶಾಸ್ತ್ರದ ಸಾಧನೆಯೆಂದು ಮೆಚ್ಚುವುದು ವಾಡಿಕೆ. ಆದರೆ ಆರು ದೋಷಗಳಲ್ಲಿ ಯಾವುದೂ ಕೆರೆ ಕಟ್ಟುವ ದಿನವೇ ಪೂರ್ಣವಾಗಿ ತಿಳಿಯುವಂಥದಲ್ಲ. ಏರಿ ಜಿನುಗುವುದು ಕೆರೆ ತುಂಬಿದ ಮೇಲೆ ಗೊತ್ತಾಗುತ್ತದೆ. ನೀರಿಗೂ ನೆಲಕ್ಕೂ ಹೊಂದಿಕೆಯಿಲ್ಲವೆಂಬುದು ಹಲವು ಬೆಳೆಗಳ ಅನುಭವದಿಂದ ತಿಳಿಯುತ್ತದೆ. ಗಡಿಯಲ್ಲಿರುವ ಕೆರೆ ಜಗಳಕ್ಕೆ ಮೂಲವೆಂಬುದು ಜಗಳ ನಡೆದ ಬಳಿಕವೇ ಅರಿವಾಗುತ್ತದೆ. ಅಂದರೆ ಶಾಸ್ತ್ರದ ರೂಪದಲ್ಲಿರುವ ಈ ದೋಷಗಳ ಹಿಂದೆ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡಿದವರ ದೀರ್ಘಕಾಲದ ನಷ್ಟದ ನೆನಪಿದೆ. ಹನ್ನೆರಡು ಸಾಧನಗಳ ಪಟ್ಟಿಯೋ ಇನ್ನೊಂದು ಸಂಗತಿಯನ್ನು ಹೊರಗೆಡಹುತ್ತದೆ. ಗಟ್ಟಿ ನೆಲ, ಸಿಹಿನೀರಿನ ಹೊಳೆ, ನೇರವಾದ ಉದ್ದನೆಯ ಕಲ್ಲು ದೊರೆಯುವ ಗಣಿ ಇವುಗಳ ಸಾಲಿನಲ್ಲಿಯೇ ಕೆರೆ ಕಟ್ಟುವುದರಲ್ಲಿ ನುರಿತ ಜನರ ತಂಡವನ್ನೂ ಒಂದು ಸಾಧನವೆಂದು ಎಣಿಸಲಾಗಿದೆ. ಅವರ ಕೌಶಲಕ್ಕೆ ಮನ್ನಣೆಯಿದೆ. ಆದರೆ ಅದು ಕಲ್ಲಿಗೂ ಮಣ್ಣಿಗೂ ದೊರೆತಂಥದೇ ಮನ್ನಣೆ.

ಶಾಸನಗಳಲ್ಲಿ ರೈತನ ದೃಷ್ಟಿಗೆ ಹೆಚ್ಚು ಹತ್ತಿರವಾದವು ಪ್ರಶಸ್ತಿಗಳಲ್ಲ, ದತ್ತಿಯ ಪಾರಿಭಾಷಿಕ ಪದಗಳು. ಕೆರೆಯ ರಕ್ಷಣೆಗಾಗಿ ಬಿಟ್ಟ ‘ಬಿತ್ತುವಟ್ಟ’, ಕೆರೆಯನ್ನು ಕಟ್ಟಿದ ಅಥವಾ ಜೀರ್ಣೋದ್ಧಾರ ಮಾಡಿದವರಿಗೆ ಕೊಟ್ಟ ‘ಕಟ್ಟುಗೊಡಗೆ’, ಹೂಳೆತ್ತುವ ಬಂಡಿಗಳಿಗಾಗಿ ಬಿಟ್ಟ ಭೂಮಿ ಇವು ಕೆರೆಯು ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ ಎಂಬ ತಿಳುವಳಿಕೆಯನ್ನು ತೋರಿಸುತ್ತವೆ. ಜಿ.ಎಸ್. ದೀಕ್ಷಿತ್, ಜಿ.ಆರ್. ಕುಪ್ಪುಸ್ವಾಮಿ ಮತ್ತು ಎಸ್.ಕೆ. ಮೋಹನ್ ಅವರು ೧೯೯೩ರಲ್ಲಿ ಪ್ರಕಟಿಸಿದ ಕರ್ನಾಟಕದ ಕೆರೆ ನೀರಾವರಿಯ ಚಾರಿತ್ರಿಕ ಸಮೀಕ್ಷೆಯು ಇಂತಹ ಶಾಸನಾಧಾರಗಳನ್ನು ಒಂದೆಡೆ ತಂದ ಮಹತ್ವದ ಕೃತಿ. ಅದರ ಉಪಕಾರವನ್ನು ಸ್ಮರಿಸುತ್ತಲೇ ಒಂದು ಮಿತಿಯನ್ನು ಹೇಳಬೇಕು. ಶಾಸನವನ್ನೇ ಮುಖ್ಯ ಆಕರವಾಗಿ ಹಿಡಿದಾಗ ದತ್ತಿ ಬಿಟ್ಟ ಸಂಗತಿ ತಿಳಿಯುತ್ತದೆ. ಆ ದತ್ತಿಯಿಂದ ಯಾರ ಗದ್ದೆಗೆ ಮೊದಲು ನೀರು ಹರಿಯಿತು, ಯಾರದು ಒಣಗಿತು ಎಂಬುದು ತಿಳಿಯುವುದಿಲ್ಲ.

೩

ಶಾಸನವು ಹೇಳದೆ ಬಿಟ್ಟ ಬೆಲೆಯನ್ನು ಜನಪದ ಕಾವ್ಯವು ಹೇಳುತ್ತದೆ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ಹನಿ ನೀರೂ ಬರುವುದಿಲ್ಲ. ಹೊತ್ತಿಗೆ ತೆಗೆಸಿ ನೋಡಿದಾಗ ಬಲಿ ಕೇಳುತ್ತದೆ. ಕಿರಿಯ ಸೊಸೆ ಭಾಗೀರಥಿ ಆಹಾರವಾಗುತ್ತಾಳೆ. ದಂಡಿನಿಂದ ಮರಳಿದ ಗಂಡ ಮಾದೇವರಾಯನು ಅದೇ ಕೆರೆಗೆ ಹಾರುತ್ತಾನೆ. ಕನ್ನಡ ವಿಮರ್ಶೆಯು ಈ ಗೀತೆಯನ್ನು ಮೊದಲು ತ್ಯಾಗದ ಆದರ್ಶವಾಗಿಯೂ ಅನಂತರ ಸ್ತ್ರೀಯ ಮೇಲಿನ ಕೌಟುಂಬಿಕ ಹಿಂಸೆಯ ಕಥನವಾಗಿಯೂ ಓದಿದೆ. ಎರಡನೆಯ ಓದು ಅಗತ್ಯವಾಗಿತ್ತು ಮತ್ತು ಅದು ಇಂದಿಗೂ ಸಲ್ಲುತ್ತದೆ. ಆದರೆ ಎರಡೂ ಓದುಗಳಲ್ಲಿ ಕೆರೆಯು ಕೇವಲ ಹಿನ್ನೆಲೆಯಾಗಿ ಉಳಿಯಿತು.

ಕೆರೆಯನ್ನು ಮುಂದಿಟ್ಟುಕೊಂಡು ಓದಿದರೆ ಬೇರೆ ಸಂಗತಿಗಳು ಕಾಣುತ್ತವೆ. ಮೊದಲನೆಯದಾಗಿ, ಈ ಗೀತೆಯು ಆರಂಭವಾಗುವುದು ಒಂದು ವಿಫಲವಾದ ಕೆರೆಯಿಂದ. ಯಾವ ಪ್ರಶಸ್ತಿಶಾಸನವೂ ತನ್ನ ಕೆರೆ ತುಂಬಲಿಲ್ಲವೆಂದು ಬರೆಯಿಸುವುದಿಲ್ಲ. ಎರಡನೆಯದಾಗಿ, ನೀರು ಬಾರದಿರಲು ಕಾರಣವನ್ನು ಹುಡುಕುವವರು ಗೌಡ ಮತ್ತು ಜೋಯಿಸರು. ಜಲಾನಯನದ ನೆಲವನ್ನು ಬಲ್ಲ ಒಕ್ಕಲಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಮೂರನೆಯದಾಗಿ, ಮೆಟ್ಟಿಲು ಮೆಟ್ಟಿಲಿಗೆ ಏರುವ ನೀರು ಇಲ್ಲಿ ಏಕಕಾಲಕ್ಕೆ ಊರಿನ ಬದುಕು ಮತ್ತು ಒಬ್ಬಳ ಸಾವು. ನೀರು ಎಲ್ಲರಿಗೂ ಒಳಿತನ್ನೇ ತರುತ್ತದೆಯೆಂಬ ಶಾಸನದ ನಂಬಿಕೆಯನ್ನು ಈ ಒಂದು ಸನ್ನಿವೇಶವೇ ಪ್ರಶ್ನಿಸುತ್ತದೆ.

ಈಶಾ ಶಾ ಅವರು ೨೦೦೩ರ ತಮ್ಮ ಕೃತಿಯಲ್ಲಿಯೂ ೨೦೦೮ರ ಲೇಖನದಲ್ಲಿಯೂ ಕೆರೆ ತಂತ್ರಜ್ಞಾನವನ್ನು ಅದು ಹುಟ್ಟಿದ ಸಾಮಾಜಿಕ ಸಂಬಂಧಗಳಿಂದ ಬೇರ್ಪಡಿಸಲಾಗದೆಂದು ವಾದಿಸಿ, ಕೆರೆಗಳ ಹಿಂದಿನ ಬಲಾತ್ಕಾರದ ನೆನಪನ್ನು ಜನಪದ ಸಾಹಿತ್ಯದಲ್ಲಿ ಗುರುತಿಸಿದ್ದಾರೆ. ತಮಿಳುನಾಡಿನ ಕೆರೆಗಳನ್ನು ಕುರಿತ ಡೇವಿಡ್ ಮಾಸ್ ಅವರ ೨೦೦೩ರ ಅಧ್ಯಯನವೂ ಕೆರೆಯನ್ನು ಅಧಿಕಾರ ಸಂಬಂಧಗಳ ತಾಣವಾಗಿ ನೋಡುತ್ತದೆ. ಹಿಂದಿನ ಹಳ್ಳಿಗಳಲ್ಲಿ ಸಮುದಾಯವು ಸಾಮರಸ್ಯದಿಂದ ನೀರನ್ನು ಹಂಚಿಕೊಳ್ಳುತ್ತಿತ್ತೆಂಬ ಭಾವುಕ ಚಿತ್ರಕ್ಕೆ ಇವು ಸರಿಯಾದ ತಿದ್ದುಪಡಿಗಳು. ಆದರೆ ಬಲಾತ್ಕಾರವನ್ನು ಮಾತ್ರ ಕಾಣುವ ಓದಿಗೂ ಒಂದು ಅಪಾಯವಿದೆ. ಮಣ್ಣು ಹೊತ್ತವನು ಆಗ ಬಲಿಪಶುವಾಗಿ ಮಾತ್ರ ಉಳಿಯುತ್ತಾನೆ. ಅವನಿಗೆ ತಿಳಿದಿದ್ದೇನು ಎಂಬ ಪ್ರಶ್ನೆ ಮತ್ತೆ ಹಿಂದೆ ಸರಿಯುತ್ತದೆ.

೪

ತಿಳಿದವನ ಪ್ರಶ್ನೆಗೆ ನೀರುಗಂಟಿಯ ಸ್ಥಾನವು ಅತ್ಯುತ್ತಮ ಉದಾಹರಣೆ. ಹಳೆಯ ಮೈಸೂರಿನ ಗ್ರಾಮವ್ಯವಸ್ಥೆಯ ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ತೂಬನ್ನು ಎತ್ತುವುದು, ಇಳಿಸುವುದು, ಕಾಲುವೆಯ ಸೋರಿಕೆಯನ್ನು ನೋಡುವುದು, ಏರಿಯಲ್ಲಿ ಬಿಲ ಬಿದ್ದುದನ್ನು ಊರಿಗೆ ತಿಳಿಸುವುದು, ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ಸರದಿಯ ಪ್ರಕಾರ ನೀರು ಬಿಡುವುದು ಇವು ಅವನ ಕೆಲಸಗಳು. ಸುಗ್ಗಿಯಲ್ಲಿ ದವಸದ ರೂಪದಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ಯಾವ ಗದ್ದೆ ನೀರನ್ನು ಎಷ್ಟು ದಿನ ಹಿಡಿದಿಡುತ್ತದೆ, ಯಾವುದು ಒಂದೇ ರಾತ್ರಿಯಲ್ಲಿ ಬಸಿದುಹೋಗುತ್ತದೆ, ಕೆರೆ ಅರ್ಧ ತುಂಬಿದ ವರ್ಷ ಎಷ್ಟು ನೆಲಕ್ಕೆ ಭತ್ತ ಸಾಧ್ಯ ಎಂಬ ಲೆಕ್ಕವು ಅವನ ತಲೆಯಲ್ಲಿರುತ್ತಿತ್ತು. ಅದು ಬರೆದಿಟ್ಟ ಲೆಕ್ಕವಲ್ಲ. ಆದ್ದರಿಂದಲೇ ಶ್ಯಾನುಭೋಗನ ಕಡತದಲ್ಲಿ ಅದು ಸಿಗುವುದಿಲ್ಲ.

ಹಲವೆಡೆ ನೀರುಗಂಟಿಯು ದಲಿತ ಸಮುದಾಯಕ್ಕೆ ಸೇರಿದವನಾಗಿರುತ್ತಿದ್ದನು ಮತ್ತು ಅಚ್ಚುಕಟ್ಟಿನಲ್ಲಿ ಅವನಿಗೆ ಸ್ವಂತ ಗದ್ದೆ ಇರುತ್ತಿರಲಿಲ್ಲ. ಸ್ವಂತ ಗದ್ದೆಯಿಲ್ಲದ್ದರಿಂದಲೇ ಅವನು ಪಕ್ಷಪಾತವಿಲ್ಲದೆ ನೀರು ಹಂಚುತ್ತಿದ್ದನೆಂದು ಹೇಳುವುದುಂಟು. ಈ ಮಾತನ್ನು ಹೊಗಳಿಕೆಯೆಂದು ಸ್ವೀಕರಿಸುವ ಮೊದಲು ಅದರ ಅರ್ಥವನ್ನು ಬಿಡಿಸಿ ನೋಡಬೇಕು. ನೀರನ್ನು ಅತ್ಯಂತ ಚೆನ್ನಾಗಿ ಬಲ್ಲವನಿಗೆ ನೀರಿನಲ್ಲಿ ಪಾಲಿಲ್ಲದಿರುವುದೇ ವ್ಯವಸ್ಥೆಯ ನ್ಯಾಯಕ್ಕೆ ಆಧಾರವಾಗಿತ್ತು ಎಂಬುದೇ ಆ ಅರ್ಥ. ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ಕರಾವಳಿಯ ಬೇರೆಯ ಸನ್ನಿವೇಶದಲ್ಲಿ ಇದೇ ವಿರೋಧಾಭಾಸವನ್ನು ಎತ್ತುತ್ತದೆ. ಬೇಸಾಯದ ಎಲ್ಲ ಕೆಲಸಗಳನ್ನೂ ಬಲ್ಲ ಚೋಮನಿಗೆ ಬೇಸಾಯಗಾರನಾಗುವ ಹಕ್ಕಿಲ್ಲ. ಅವನ ದುರಂತವನ್ನು ಭೂಮಿಯ ಪ್ರಶ್ನೆಯಾಗಿ ವಿಮರ್ಶೆಯು ಸರಿಯಾಗಿಯೇ ಗುರುತಿಸಿದೆ. ಅದು ಜ್ಞಾನದ ಒಡೆತನದ ಪ್ರಶ್ನೆಯೂ ಹೌದು.

ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದ ೧೯೬೧ರ ಅಧಿನಿಯಮವು ಹುಟ್ಟಿನಿಂದ ಅಂಟಿದ ಬಿಟ್ಟಿ ಸೇವೆಯ ಬಂಧನವನ್ನು ಕಳಚುವ ದಿಕ್ಕಿನಲ್ಲಿ ಅಗತ್ಯವಾದ ಹೆಜ್ಜೆಯಾಗಿತ್ತು. ಆದರೆ ಹುದ್ದೆಯೊಡನೆ ಇದ್ದ ಜ್ಞಾನಕ್ಕೆ ಗೌರವದ ಬೇರೊಂದು ನೆಲೆಯನ್ನು ಕಲ್ಪಿಸುವ ಕೆಲಸ ನಡೆಯಲಿಲ್ಲ. ಬಂಧನ ಹೋಗಬೇಕಾಗಿತ್ತು, ಅದರೊಡನೆ ತಿಳಿವಳಿಕೆಯೂ ಹೋಗಬೇಕಾಗಿರಲಿಲ್ಲ.

೫

ಆಧುನಿಕ ಕಥನಸಾಹಿತ್ಯವು ನೀರನ್ನು ಹೆಚ್ಚಾಗಿ ಅದರ ಅಭಾವದ ಮೂಲಕ ಕಂಡಿದೆ. ಯು.ಆರ್. ಅನಂತಮೂರ್ತಿಯವರ ‘ಬರ’ ಕಥೆಯು ಇದಕ್ಕೆ ಪ್ರಾತಿನಿಧಿಕ. ಅಲ್ಲಿ ಬರವನ್ನು ಅನುಭವಿಸುವವರು ಹಳ್ಳಿಯವರು. ಆದರೆ ಅದನ್ನು ಕಾಣುವ ಕಣ್ಣು ಜಿಲ್ಲಾಧಿಕಾರಿ ಸತೀಶನದು. ಆಡಳಿತ, ರಾಜಕಾರಣ ಮತ್ತು ಆದರ್ಶವಾದಗಳ ನಡುವಿನ ಬಿಕ್ಕಟ್ಟನ್ನು ಶೋಧಿಸುವುದೇ ಕಥೆಯ ಉದ್ದೇಶವಾದ್ದರಿಂದ ಈ ಆಯ್ಕೆಯನ್ನು ದೋಷವೆನ್ನಲಾಗದು. ಆದರೂ ಫಲಿತಾಂಶ ಗಮನಾರ್ಹ. ರೈತನು ಇಲ್ಲಿ ಪರಿಹಾರಕ್ಕಾಗಿ ಕಾಯುವವನು. ಶಾಸನದಲ್ಲಿ ದಾನದ ಫಲಾನುಭವಿಯಾಗಿದ್ದವನು ಆಧುನಿಕ ಕಥೆಯಲ್ಲಿ ಬರಪರಿಹಾರದ ಫಲಾನುಭವಿಯಾಗಿದ್ದಾನೆ. ಎರಡು ಕಾಲಗಳ ನಡುವೆ ಕೊಡುವವನು ಬದಲಾದನು, ವ್ಯಾಕರಣ ಬದಲಾಗಲಿಲ್ಲ.

ಇದಕ್ಕೆ ಎದುರಾಗಿ ರೈತನ ಸ್ವಂತ ಪದಕೋಶವನ್ನು ಇಟ್ಟು ನೋಡಬಹುದು. ಕಂದಾಯ ಇಲಾಖೆಯು ನೆಲವನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿತು. ನೀರಾವರಿ ಇಲಾಖೆಯು ನೀರನ್ನು ಟಿಎಂಸಿಯಲ್ಲಿ ಅಳೆಯಿತು. ಬಯಲುಸೀಮೆಯ ಬೇಸಾಯಗಾರನಿಗೆ ಇವೆರಡಕ್ಕಿಂತ ಮುಖ್ಯವಾದ ಪದ ‘ಹದ’. ಬಿತ್ತನೆಗೆ ಬೇಕಾದಷ್ಟು ತೇವ, ಕುಂಟೆ ಹೊಡೆಯಲು ಬೇಕಾದಷ್ಟು ಆರಿಕೆ ಇವೆರಡೂ ಆ ಒಂದು ಪದದೊಳಗಿವೆ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂಗಾರಿನ ಜೋಳವು ಬಹುಮಟ್ಟಿಗೆ ಮಣ್ಣಿನಲ್ಲಿ ಉಳಿದ ಹಸಿಯಿಂದಲೇ ಬೆಳೆಯುತ್ತದೆ. ಅಲ್ಲಿ ಹೊಲವೇ ಜಲಾಶಯ. ಒಡ್ಡು ಹಾಕುವುದು ಹರಿಯುವ ಮಳೆನೀರನ್ನು ನಿಲ್ಲಿಸಲು. ಎಡೆಕುಂಟೆ ಹೊಡೆಯುವುದು ಬಿರುಕುಗಳನ್ನು ಮುಚ್ಚಿ ಹಸಿಯನ್ನು ಕಾಪಾಡಲು. ಕಳೆ ತೆಗೆಯುವ ಕೆಲಸವೆಂದು ಹೊರಗಿನವರಿಗೆ ಕಾಣುವುದು ರೈತನಿಗೆ ನೀರಿನ ನಿರ್ವಹಣೆಯೂ ಆಗಿದೆ. ನೀರಾವರಿ ಇಲ್ಲದ ಭೂಮಿಯನ್ನು ‘ಒಣಭೂಮಿ’ ಎಂದು ಕರೆಯುವ ಆಡಳಿತದ ಭಾಷೆಯು ಈ ನೀರನ್ನು ಕಾಣಲಾರದು.

ಕೆರೆಯ ಹೂಳಿನ ವಿಷಯದಲ್ಲಿಯೂ ಇಂಥದೇ ವ್ಯತ್ಯಾಸವಿದೆ. ಇಂಜಿನಿಯರನ ವರದಿಯಲ್ಲಿ ಹೂಳು ಎಂದರೆ ಸಾಮರ್ಥ್ಯವನ್ನು ಕುಗ್ಗಿಸುವ ಕಸ. ರೈತನಿಗೆ ಅದೇ ‘ಗೋಡು’. ಬೇಸಗೆಯಲ್ಲಿ ಬಂಡಿಯಲ್ಲಿ ಹೊಲಕ್ಕೆ ಹೊಡೆದು ಹರಡುವ ಗೊಬ್ಬರ. ಮೇಲಿನ ಹೊಲದಿಂದ ಮಳೆಯೊಡನೆ ಇಳಿದ ಮಣ್ಣು ಮತ್ತೆ ಹೊಲಕ್ಕೆ ಮರಳುವ ಈ ಸುತ್ತು ನಡೆಯುವವರೆಗೆ ಹೂಳೆತ್ತಲು ಪ್ರತ್ಯೇಕ ಯೋಜನೆ ಬೇಕಾಗಿರಲಿಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಾಡಿನಲ್ಲಿ ಕೆರೆಯ ಸ್ಥಾನವನ್ನು ಸುರಂಗ, ಮದಕ, ಕಟ್ಟಗಳು ತುಂಬುತ್ತವೆ. ಮಳೆಗಾಲ ಮುಗಿದೊಡನೆ ತೋಡಿಗೆ ಅಡ್ಡಲಾಗಿ ಹಾಕುವ ಕಟ್ಟವು ಶಾಶ್ವತವಾಗಿರಲೆಂದು ಕಟ್ಟುವುದಲ್ಲ. ಪ್ರತಿ ವರ್ಷ ಕಟ್ಟಿ, ಮಳೆಗೆ ಬಿಟ್ಟುಕೊಡಲೆಂದೇ ಇರುವುದು. ಶಾಸನ ಹಾಕಿಸಲು ಅಲ್ಲಿ ಅವಕಾಶವೇ ಇಲ್ಲ. ಗುಡ್ಡದ ಇಳಿಜಾರಿನಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ ೨೦೨೨ರಲ್ಲಿ ಪದ್ಮಶ್ರೀ ದೊರೆತುದು ಈ ಬಗೆಯ ಜ್ಞಾನಕ್ಕೆ ಸಿಕ್ಕ ವಿರಳವಾದ ಸಾರ್ವಜನಿಕ ಮನ್ನಣೆ. ಕಟ್ಟಿಸಿದವನಲ್ಲ, ಸ್ವತಃ ಅಗೆದವನು ಇಲ್ಲಿ ಗೌರವಿತನಾದುದು ವಿಶೇಷ.

೬

ಪ್ರಭುತ್ವದ ಆಧುನಿಕ ಜಲನೀತಿಯನ್ನೂ ಒಂದು ಪಠ್ಯವಾಗಿ ಓದಬಹುದು. ೧೮೬೬ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಸ್ಯಾಂಕಿ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ಕೆರೆಗಳು ಇಲ್ಲಿ ಹರಡಿವೆಯೆಂದು ಬೆರಗಿನಿಂದ ಬರೆದನು. ಆ ಬೆರಗು ಕಟ್ಟಡಗಳ ಕುರಿತಾದುದು. ೧೯೧೧ರ ಮೈಸೂರು ಕೆರೆ ಪಂಚಾಯಿತಿ ನಿಬಂಧನೆಯು ಕೆರೆಯ ದುರಸ್ತಿಯಲ್ಲಿ ಹಳ್ಳಿಗರ ಹೊಣೆಯನ್ನು ಕಾನೂನಿನ ಚೌಕಟ್ಟಿಗೆ ತಂದಿತು. ಬೊಂಬಾಯಿ ಪ್ರಾಂತದ ನೀರಾ ಕಾಲುವೆಯಲ್ಲಿ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಬ್ಲಾಕ್ ಪದ್ಧತಿಯು ಸರದಿಯ ತತ್ತ್ವವನ್ನು ದೊಡ್ಡ ಕಾಲುವೆಗೆ ಅನ್ವಯಿಸಿದ ಪ್ರಯತ್ನ. ಆದರೆ ಸರದಿಯನ್ನು ನಿರ್ಧರಿಸುವ ಸ್ಥಳ ಹಳ್ಳಿಯ ಏರಿಯಿಂದ ಇಲಾಖೆಯ ಕಚೇರಿಗೆ ಸರಿಯಿತು.

ಈ ಸ್ಥಳಾಂತರದ ಪರಿಣಾಮವು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೆಚ್ಚು ನೆಲಕ್ಕೆ ಸ್ವಲ್ಪ ಸ್ವಲ್ಪ ನೀರು ಎಂಬ ಲಘು ನೀರಾವರಿಯ ಉದ್ದೇಶದಿಂದ ರೂಪಿತವಾದ ಯೋಜನೆಯಲ್ಲಿ ಮೇಲ್ಭಾಗದ ರೈತರು ಭತ್ತಕ್ಕಿಳಿದರು. ಕೊನೆಯ ಭಾಗದ ಹೊಲಗಳಿಗೆ ನೀರು ತಲುಪುವುದು ದುಸ್ತರವಾಯಿತು. ಪೀಟರ್ ಮೊಲ್ಲಿಂಗಾ ಅವರು ‘ಆನ್ ದಿ ವಾಟರ್‌ಫ್ರಂಟ್’ (೨೦೦೩) ಕೃತಿಯಲ್ಲಿ ಇದನ್ನು ರೈತರ ಅಶಿಸ್ತೆಂದು ತಳ್ಳಿಹಾಕದೆ, ನೀರಿಗಾಗಿ ದಿನನಿತ್ಯ ನಡೆಯುವ ರಾಜಕಾರಣವೆಂದು ವಿಶ್ಲೇಷಿಸಿರುವುದು ಮಹತ್ವದ್ದು. ಈ ಉದಾಹರಣೆಯು ಪ್ರಸ್ತುತ ಚರ್ಚೆಗೆ ಒಂದು ಎಚ್ಚರಿಕೆಯೂ ಆಗಿದೆ. ರೈತನ ದೃಷ್ಟಿ ಎಂಬುದು ಒಂದೇ ಅಲ್ಲ. ಮೇಲ್ಗಾಲುವೆಯ ರೈತನಿಗೆ ಹಕ್ಕಾಗಿ ಕಂಡ ನೀರು ಕೊನೆಯ ರೈತನಿಗೆ ಕಳವಾಗಿ ಕಾಣುತ್ತದೆ. ಕೊಳವೆಬಾವಿಯು ಈ ಬಿರುಕನ್ನು ಇನ್ನೂ ಆಳಕ್ಕೊಯ್ದಿತು. ಕೆರೆಯ ನೀರು ಎಷ್ಟಿದೆಯೆಂದು ಏರಿಯ ಮೇಲೆ ನಿಂತವರೆಲ್ಲರಿಗೂ ಕಾಣುತ್ತಿತ್ತು. ನೆಲದಡಿಯ ನೀರು ಯಾರಿಗೂ ಕಾಣದು. ಕಾಣದ ನೀರಿಗೆ ಸರದಿಯಿಲ್ಲ, ನೀರುಗಂಟಿಯೂ ಇಲ್ಲ. ಅಂತರ್ಜಲದ ಬಳಕೆಯನ್ನು ನಿಯಂತ್ರಿಸಲು ೨೦೧೧ರಲ್ಲಿ ಕಾಯ್ದೆ ಬಂದುದು ಆ ಶೂನ್ಯವನ್ನು ಕಾನೂನಿನಿಂದ ತುಂಬುವ ಯತ್ನವಾಗಿದೆ.

೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ, ಜಲಸಂವರ್ಧನೆ ಯೋಜನಾ ಸಂಘದ ಮೂಲಕ ನಡೆದ ಸಮುದಾಯ ಆಧಾರಿತ ಕೆರೆ ಯೋಜನೆಯು ‘ಕೆರೆ ಬಳಕೆದಾರರ ಸಂಘ’ಗಳನ್ನು ರಚಿಸಿತು. ಇಲ್ಲಿ ‘ಬಳಕೆದಾರ’ ಎಂಬ ಪದವೇ ವಿಮರ್ಶೆಗೆ ಅರ್ಹ. ಬಳಸುವವನು ಬೇರೆ, ಬಲ್ಲವನು ಬೇರೆ, ಕಾಯುವವನು ಬೇರೆ. ಮೂವರನ್ನೂ ಒಂದೇ ಪದದಡಿ ತಂದಾಗ ಅಚ್ಚುಕಟ್ಟಿನಲ್ಲಿ ಪಾಲುಳ್ಳವನ ದನಿಯೇ ಮೇಲಾಗುವ ಸಂಭವ ಹೆಚ್ಚು. ೨೦೧೮ರಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಬಂದಿದೆ. ಬತ್ತಿದ ಕೆರೆಗಳು ತುಂಬಿದುದು ಆ ಜಿಲ್ಲೆಗೆ ಸಣ್ಣ ಸಂಗತಿಯಲ್ಲ. ನೀರಿನ ಗುಣಮಟ್ಟದ ಬಗೆಗಿನ ಆತಂಕವೂ ಸಣ್ಣದಲ್ಲ. ಈ ನೀರು ಉದ್ದೇಶಿತವಾಗಿರುವುದು ಅಂತರ್ಜಲ ಮರುಪೂರಣಕ್ಕೆ, ತೂಬಿನ ಮೂಲಕ ನೇರ ನೀರಾವರಿಗಲ್ಲ. ಕೆರೆ ಮರಳಿತು, ತೂಬು ಮುಚ್ಚಿಯೇ ಉಳಿಯಿತು. ನೀರು ಬಂದರೆ ಹಳೆಯ ವ್ಯವಸ್ಥೆಯೂ ತಾನಾಗಿ ಬರುತ್ತದೆಯೆಂಬ ನಿರೀಕ್ಷೆ ಸಲ್ಲದೆಂಬುದನ್ನು ಇದು ತೋರಿಸಿಕೊಟ್ಟಿದೆ.

೭

ಮೇಲಿನ ಪರಿಶೀಲನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಕನ್ನಡದ ಜಲಪಠ್ಯಗಳಲ್ಲಿ ದಾನದ ಭಾಷೆ ಮತ್ತು ದುಡಿಮೆಯ ಭಾಷೆ ಎಂಬ ಎರಡು ಧಾರೆಗಳಿವೆ. ಮೊದಲನೆಯದು ಕಲ್ಲಿನ ಮೇಲೆ, ತಾಮ್ರಪಟದ ಮೇಲೆ, ಸರ್ಕಾರಿ ಕಡತದಲ್ಲಿ ಉಳಿಯಿತು. ಎರಡನೆಯದು ಹದ, ಹಸಿ, ಗೋಡು, ಸರದಿ, ತೂಬು, ಕಟ್ಟ ಎಂಬ ಪದಗಳಲ್ಲಿಯೂ ಆ ಪದಗಳನ್ನು ಬಳಸುವ ಕೈಗಳಲ್ಲಿಯೂ ಉಳಿಯಿತು. ಮೊದಲನೆಯದನ್ನು ಎರಡನೆಯದರ ಬೆಳಕಿನಲ್ಲಿ ಓದಿದಾಗ ಪೋರುಮಾಮಿಳ್ಳದ ದೋಷಪಟ್ಟಿಯಲ್ಲಿ ಬೇಸಾಯಗಾರನ ಅನುಭವವೂ ‘ಕೆರೆಗೆ ಹಾರ’ದಲ್ಲಿ ಕೇಳದೇ ಹೋದ ಒಕ್ಕಲಿನ ಮಾತೂ ಗೋಚರಿಸುತ್ತವೆ. ಆದರೆ ಈ ಎರಡನೆಯ ಧಾರೆಯು ನಿರ್ದೋಷವಾದುದಲ್ಲ. ಜಾತಿ ಮತ್ತು ಭೂಒಡೆತನಗಳ ಅಸಮಾನತೆ ಅದರೊಳಗೇ ನೆಲೆಸಿತ್ತು.

ಆದ್ದರಿಂದ ಮುಂದಿನ ಸಂಶೋಧನೆಯು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಗಿದೆ. ಶಾಸನಗಳ ಪಾರಿಭಾಷಿಕ ಪದಗಳಿಗೆ ನಿಘಂಟುಗಳಿರುವಂತೆ ಪ್ರದೇಶವಾರು ಬೇಸಾಯದ ಜಲಪದಗಳ ಕೋಶವನ್ನು ಕ್ಷೇತ್ರಕಾರ್ಯದಿಂದ ಸಿದ್ಧಪಡಿಸುವುದು ಮೊದಲನೆಯದು. ಪ್ರತಿ ಪದದ ಜೊತೆಗೆ ಅದನ್ನು ಬಲ್ಲವರು ಯಾರು, ಅದರಿಂದ ಪಾಲು ಪಡೆದವರು ಯಾರು ಎಂಬುದನ್ನೂ ದಾಖಲಿಸುವುದು ಎರಡನೆಯದು. ಮೊದಲ ಕೆಲಸವಷ್ಟೇ ನಡೆದರೆ ಅದು ದೇಸಿ ಜ್ಞಾನದ ಸಂಭ್ರಮವಾಗಿ ಮುಗಿಯುತ್ತದೆ. ಎರಡನೆಯದಷ್ಟೇ ನಡೆದರೆ ಜ್ಞಾನವೇ ಕೈತಪ್ಪುತ್ತದೆ. ತೂಬು ಎತ್ತಿದ ಅನುಭವವುಳ್ಳ ಹಿರಿಯರ ಸಂಖ್ಯೆ ಹಳ್ಳಿಗಳಲ್ಲಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಶಾಸನಗಳು ಇನ್ನೂ ಕೆಲವು ಶತಮಾನ ಕಾಯಬಲ್ಲವು. ಈ ಆಕರಕ್ಕೆ ಆ ಅವಕಾಶವಿಲ್ಲ.